ಮನೆಯಲ್ಲೇ ಸ್ಟ್ರೇಟ್ನಿಂಗ್ ಟಚ್‌ಅಪ್: ಬುಡ ನೆಟ್ಟಗಾಗಬೇಕು, ತುದಿ ಮುರೀಬಾರದು

ಸುರುಳಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಕೂದಲ ಜಾತಕ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಪ್ರಶ್ನೆ.

ದಪ್ಪ ಎಳೆ, ಹುಟ್ಟು ಗುಂಗುರು, ಉದ್ದ ಬೆನ್ನಿನ ಮಧ್ಯದವರೆಗೆ. 7 ತಿಂಗಳ ಹಿಂದೆ ಪಾರ್ಲರ್‌ನಲ್ಲಿ ಕ್ರೀಮ್ ಸ್ಟ್ರೇಟ್ನಿಂಗ್ ಆಗಿದೆ (ಥಯೋಗ್ಲೈಕೋಲೇಟ್). ಈಗ ಬುಡದಲ್ಲಿ ಸುಮಾರು 8 ಸೆಂ.ಮೀ. ಹೊಸ ಗುಂಗುರು ಬಂದಿದೆ. ತುದಿಯ 10 ಸೆಂ.ಮೀ. ಪೊರಕೆ ಕಡ್ಡಿ. 2 ತಿಂಗಳ ಹಿಂದೆ ಇಡೀ ತಲೆಗೆ ಮೆಹಂದಿ. ಟೀ ಡಿಕಾಕ್ಷನ್ ಹಾಕಿ ರಾತ್ರಿಯಿಡೀ ಕಬ್ಬಿಣದ ಬಾಣಲೆಯಲ್ಲಿ ನೆನೆಸಿದ್ದು. ಮನೆಗೆ ಬೋರ್ ನೀರು, ಬಕೆಟ್ ಅಂಚಿಗೆ ಬಿಳೀ ಕಟ್ಟುತ್ತೆ.

ಕೈಯಲ್ಲಿರೋದು: ಥಯೋಗ್ಲೈಕೋಲೇಟ್ ಕ್ರೀಮ್ ಮತ್ತು ನ್ಯೂಟ್ರಲೈಸರ್ ಇರೋ ಸೆಟ್. ಡಿಗ್ರಿ ಹೊಂದಿಸೋಕೆ ಬರೋ ಐರನ್. ಜೊತೆಗೆ ಹೊರದೇಶದಿಂದ ಬಂದ ‘ರಿಲ್ಯಾಕ್ಸರ್’ ಡಬ್ಬಿ, ಹಿಂದುಗಡೆ ಸೋಡಿಯಂ ಹೈಡ್ರಾಕ್ಸೈಡ್ ಅಂತ ಇದೆ.

ದಪ್ಪ ಕೂದಲಿಗೆ ಎರಡರಲ್ಲಿ ಯಾವುದು? ತುದಿಗೂ ಇನ್ನೊಂದು ಸಲ ಹಚ್ಚಿದರೆ ಒರಟು ಹೋಗುತ್ತಾ? ಕ್ರೀಮ್ ಇನ್ನೂ 10 ನಿಮಿಷ ಜಾಸ್ತಿ ಬಿಟ್ಟರೆ ಇನ್ನಷ್ಟು ನೆಟ್ಟಗಾಗುತ್ತಾ?

ಬಾಚಣಿಗೆ

ಮೊದಲು ಆ ರಿಲ್ಯಾಕ್ಸರ್ ಡಬ್ಬಿ ಮುಚ್ಚಿ ಎತ್ತಿಡಿ. ಥಯೋ ಕಂಡ ಕೂದಲಿಗೆ ಹೈಡ್ರಾಕ್ಸೈಡ್ ಬಿದ್ದರೆ ಆ ಜಾಗದಲ್ಲೇ ಕತ್ತರಿಸಿದ ಹಾಗೆ ಕೈಗೆ ಬರುತ್ತೆ. ಬುಡಕ್ಕೆ ಮಾತ್ರ ಹಚ್ತೀನಿ ಅಂದ್ರೂ ಬೇಡ, ತೊಳೆಯುವಾಗ ಅದು ಹಳೇ ಕೂದಲ ಮೇಲೇ ತಾನೆ ಹರಿಯೋದು? ದಪ್ಪ ಕೂದಲಾದ್ರೂ ಥಯೋದಲ್ಲಿ ಶುರು ಮಾಡಿದವರು ಥಯೋದಲ್ಲೇ ಮುಂದುವರೀಬೇಕು.

ತುದಿಗೆ ಹಚ್ಚೋ ಮಾತು ಮರೆತುಬಿಡಿ. ಅದು ಆಗಲೇ ನೆಟ್ಟಗಿದೆ. ನೆಟ್ಟಗಿರೋದನ್ನ ಕ್ರೀಮ್ ಇನ್ನೂ ನೆಟ್ಟಗೆ ಮಾಡಲ್ಲ, ಒಳಗಿನ ಗಟ್ಟಿತನ ತಿನ್ನುತ್ತೆ ಅಷ್ಟೇ. ಒರಟಿಗೆ ಮದ್ದು ಕತ್ತರಿ. ಸೀಳಿರೋ 3–4 ಸೆಂ.ಮೀ. ತೆಗೆಸಿ.

ಹೆಚ್ಚು ಹೊತ್ತು ಬಿಡೋದು ಇನ್ನೊಂದು ತಪ್ಪು ಲೆಕ್ಕ. ಕ್ರೀಮಿನ ಕೆಲಸ ಕೂದಲನ್ನ ಮೆತ್ತಗೆ ಮಾಡೋದು ಮಾತ್ರ. ನೆಟ್ಟಗೆ ಮಾಡೋದು ಐರನ್, ಹಾಗೇ ನಿಲ್ಲಿಸೋದು ನ್ಯೂಟ್ರಲೈಸರ್. ಮೆತ್ತಗಾದ ಮೇಲೂ ಬಿಟ್ಟರೆ ಬೆಂದು ಆರಿದ ಶಾವಿಗೆ ಥರ, ಎತ್ತಿದರೆ ತುಂಡು.

ಇಷ್ಟೆಲ್ಲಕ್ಕಿಂತ ನನ್ನ ಕಣ್ಣಿಗೆ ಕುಟುಕಿದ್ದು ಆ ಬಾಣಲೆ. ಎಳೆ ಪರೀಕ್ಷೆ ಮಾಡದೆ ತಲೆಗೆ ಒಂದು ಬೊಟ್ಟೂ ಹಚ್ಚಬೇಡಿ. ಹೆಡಕಿನ ಒಳಪದರದಿಂದ ಪೆನ್ಸಿಲ್ ದಪ್ಪದಷ್ಟು ಕೂದಲು ಬುಡದ ಹತ್ತಿರವೇ ಕತ್ತರಿಸಿ, ಒಂದು ಕಡೆ ದಾರ ಕಟ್ಟಿ, ಬಿಳೀ ಪ್ಲಾಸ್ಟಿಕ್ ತಟ್ಟೆ ಮೇಲಿಟ್ಟು ಒಂದು ಟೀ ಚಮಚ ಕ್ರೀಮ್ ಹಚ್ಚಿ. ಬಿಸಿಯಾಗುತ್ತಾ, ಬಣ್ಣ ತಿರುಗುತ್ತಾ, ಎಷ್ಟನೇ ನಿಮಿಷಕ್ಕೆ ಮೆತ್ತಗಾಗುತ್ತೆ, ಬರ್ಕೊಳ್ಳಿ. ಅದೇ ದಿನ ಕಿವಿ ಹಿಂದೆ ಕಡಲೆಕಾಳಿನಷ್ಟು ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟೇ ಹೊತ್ತು ಬಿಟ್ಟು ತೊಳೆದು, 48 ಗಂಟೆ ಕಾಯಿರಿ. ತುರಿಕೆ, ಕೆಂಪು ಬಂದರೆ ಅಲ್ಲಿಗೇ ನಿಲ್ಲಿಸಿ.

ರಸಾಯನ_ಮೇಷ್ಟ್ರು

ಬಾಚಣಿಗೆಯವರು ಹೇಳಿದ್ದಕ್ಕೆ ಕಾರಣ ಸೇರಿಸುತ್ತೇನೆ.

ಕೂದಲಿನ ಆಕಾರವನ್ನು ಹಿಡಿದಿಡುವುದು ಗಂಧಕದ ಕೊಂಡಿಗಳು, ಅಂದರೆ ಎರಡು ಗಂಧಕದ ಪರಮಾಣುಗಳು ಕೈಹಿಡಿದ ಡೈಸಲ್ಫೈಡ್ ಬಂಧ. ಥಯೋಗ್ಲೈಕೋಲೇಟ್ ಆ ಕೈಗಳನ್ನು ಬಿಡಿಸುತ್ತದೆ. ಅದರ ಪಿಎಚ್ (7 ದಾಟಿ ಮೇಲೆ ಹೋದಷ್ಟೂ ಕ್ಷಾರ ಹೆಚ್ಚು) ಸುಮಾರು 9ರಿಂದ 9.5. ನ್ಯೂಟ್ರಲೈಸರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಸೋಡಿಯಂ ಬ್ರೋಮೇಟ್ ಅವನ್ನು ಹೊಸ ಜಾಗದಲ್ಲಿ ಮತ್ತೆ ಜೋಡಿಸುತ್ತದೆ. ಹೈಡ್ರಾಕ್ಸೈಡ್‌ನ ದಾರಿಯೇ ಬೇರೆ: ಪಿಎಚ್ 12ಕ್ಕೂ ಮೇಲೆ, ಕೊಂಡಿಯಿಂದ ಒಂದು ಗಂಧಕವನ್ನೇ ಕಿತ್ತು ಲ್ಯಾಂಥಿಯೋನಿನ್ ಎಂಬ ಶಾಶ್ವತ ಬಂಧ ಮಾಡುತ್ತದೆ. ಅಲ್ಲಿ ನ್ಯೂಟ್ರಲೈಸಿಂಗ್ ಶಾಂಪೂ ಎಂದರೆ ಉಳಿದ ಕ್ಷಾರ ತೆಗೆಯುವ ಆಮ್ಲೀಯ ಶಾಂಪೂ ಅಷ್ಟೆ, ಕೊಂಡಿ ಜೋಡಿಸುವುದಲ್ಲ. ಎರಡು ಡಬ್ಬಿಯಲ್ಲೂ ಹೆಸರು ಒಂದೇ ಇರುವುದರಿಂದ ಒಂದರದ್ದನ್ನು ಇನ್ನೊಂದಕ್ಕೆ ಬಳಸುವವರಿದ್ದಾರೆ. ಥಯೋ ಕ್ರೀಮಿನ ಮೇಲೆ ಆ ಶಾಂಪೂ ಹಾಕಿದರೆ ಕೊಂಡಿಗಳು ಬಿಚ್ಚಿಕೊಂಡೇ ಉಳಿಯುತ್ತವೆ. ಕೂದಲು ದುರ್ಬಲ, ಗುಂಗುರೂ ವಾಪಸ್.

ಇನ್ನು ಬಾಣಲೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಕರಗಿಸಿಕೊಂಡು ಕಪ್ಪಾಗುತ್ತದೆ, ಆ ಕಪ್ಪು ಕೂದಲಿಗೆ ಕೂರುತ್ತದೆ. ಮೆಹಂದಿ ಗಾಢವಾಗಲಿ ಎಂದು ನೀವು ಮಾಡಿದ್ದೇ ಅದು. ಕ್ಷಾರದಲ್ಲಿ ಥಯೋಗ್ಲೈಕೋಲೇಟ್‌ಗೆ ಕಬ್ಬಿಣ ಸಿಕ್ಕರೆ ನೇರಳೆ ಬಣ್ಣ ಬರುತ್ತದೆ. ಕಾರು ತೊಳೆಯುವವರು ಚಕ್ರಕ್ಕೆ ಒಂದು ದ್ರಾವಣ ಸಿಂಪಡಿಸಿದಾಗ ನೇರಳೆ ನೀರು ಇಳಿಯುವುದನ್ನು ನೋಡಿರಬಹುದು. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿಯನ್ನು ಥಯೋಗ್ಲೈಕೋಲೇಟ್ ಹಿಡಿದದ್ದು ಅದು. ಹಾಗಾಗಿ ನಿಮ್ಮ ಬಿಳೀ ತಟ್ಟೆಯ ಪರೀಕ್ಷೆಯಲ್ಲಿ ಕ್ರೀಮಿನ ಬಣ್ಣ ನೋಡಿ, ಕೂದಲಿನದ್ದಲ್ಲ. ಕಪ್ಪು ಕೂದಲಲ್ಲಿ ಏನೂ ಕಾಣದು.

ನೇರಳೆ ಬಂದರೆ ಬರೀ ಬಣ್ಣದ ತೊಂದರೆಯಲ್ಲ. ಮುಂದೆ ಪೆರಾಕ್ಸೈಡ್ ಹಾಕುತ್ತೀರಿ. ಪೆರಾಕ್ಸೈಡ್ ಜೊತೆ ಕಬ್ಬಿಣವೋ ತಾಮ್ರವೋ ಸೇರಿದರೆ ಕೂದಲಿನ ಪ್ರೋಟೀನನ್ನೇ ಕಡಿಯುವ ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ಇದೇ ಕಾರಣಕ್ಕೆ ಸ್ಟೀಲ್ ಬಟ್ಟಲು, ಲೋಹದ ಬಾಚಣಿಗೆ, ಲೋಹದ ಕ್ಲಿಪ್ ಯಾವುದೂ ಬೇಡ.

ಹೂಬನ

ಇಷ್ಟೆಲ್ಲಾ ರಗಳೆ ಯಾಕೆ, ಆನ್‌ಲೈನಲ್ಲಿ ಕೆರಾಟಿನ್ ಕಿಟ್ ಸಿಗುತ್ತಲ್ಲ. ಹಚ್ಚು, ಐರನ್ ಮಾಡು, ಮುಗೀತು. ಇಲ್ಲಾಂದ್ರೆ ತೆಂಗಿನ ಹಾಲು, ನಿಂಬೆರಸ, ಕಾರ್ನ್‌ಫ್ಲೋರ್ ಪೇಸ್ಟ್.

ರಸಾಯನ_ಮೇಷ್ಟ್ರು

ತೆಂಗಿನ ಹಾಲಿನ ಪೇಸ್ಟು ಗಂಧಕದ ಕೊಂಡಿಯನ್ನು ಮುಟ್ಟುವುದೇ ಇಲ್ಲ. ಒದ್ದೆ ಕೂದಲನ್ನು ಭಾರದಿಂದ ಎಳೆದು ಒಣಗಿಸಿದಾಗ ಹೈಡ್ರೋಜನ್ ಬಂಧಗಳೆಂಬ ಸಡಿಲ ಕೊಂಡಿಗಳು ಹಾಗೆ ಕೂರುತ್ತವೆ, ಮುಂದಿನ ತಲೆಸ್ನಾನಕ್ಕೆ ಎದ್ದುಹೋಗುತ್ತವೆ. ಹಾನಿಯಿಲ್ಲ, ಸಿಂಕು ಕಟ್ಟಿಕೊಳ್ಳುವುದೊಂದು ಬಿಟ್ಟು.

ಕೆರಾಟಿನ್ ಕಿಟ್ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಹಲವು ಕಿಟ್‌ಗಳಲ್ಲಿ ಕೆಲಸ ಮಾಡುವುದು ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್. ‘ಫಾರ್ಮಾಲಿನ್ (ನೀರಲ್ಲಿ ಕರಗಿದ ಫಾರ್ಮಾಲ್ಡಿಹೈಡ್) ಮುಕ್ತ’ ಎಂದು ಬರೆದು ಒಳಗೆ ಮೆಥಿಲೀನ್ ಗ್ಲೈಕಾಲ್ ಇದ್ದರೆ ಐರನ್ ಬಿಸಿಗೆ ಹೊರಬರುವುದು ಅದೇ ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಬಾಗಿಲು ಹಾಕಿದ ಬಚ್ಚಲುಮನೆಯಲ್ಲಿ ಅದನ್ನು ಉಸಿರಾಡುವುದು ಬೇಡ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಮಿನ ಕಥೆಯೂ ಸುಖವಿಲ್ಲ: ಸ್ಟ್ರೇಟ್ನಿಂಗ್ ಮಾಡಿಸಿದಾಗಲೆಲ್ಲ ಒಬ್ಬಾಕೆಯ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣವನ್ನು ಫ್ರಾನ್ಸ್‌ನ ವೈದ್ಯರು 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಮಾಡಿದರು. ಲೇಬಲ್ಲಿನಲ್ಲಿ ಫಾರ್ಮಾಲ್ಡಿಹೈಡ್, ಮೆಥಿಲೀನ್ ಗ್ಲೈಕಾಲ್, ಗ್ಲೈಆಕ್ಸಿಲಿಕ್ ಆಮ್ಲ ಈ ಮೂರು ಹೆಸರು ಹುಡುಕಿ.

ಸುರುಳಿ_ಮಂಡ್ಯ

ಎಳೆ ಪರೀಕ್ಷೆ ಆಯ್ತು. 4ನೇ ನಿಮಿಷಕ್ಕೇ ಕ್ರೀಮ್ ತಿಳಿ ನೇರಳೆ, ಬೀಟ್‌ರೂಟ್ ತೊಳೆದ ನೀರಿನ ಬಣ್ಣ. ಬಿಸಿ ಆಗಲಿಲ್ಲ. ಬುಡದ 2–3 ಸೆಂ.ಮೀ. ಭಾಗದಲ್ಲಿ ಕ್ರೀಮ್ ಬೆಳ್ಳಗೇ ಇತ್ತು, ಅದರ ಕೆಳಗೆಲ್ಲ ಬಣ್ಣ. 14ನೇ ನಿಮಿಷಕ್ಕೆ ಹೊಸ ಕೂದಲು ಮೆತ್ತಗಾಯ್ತು. ಹಳೇ ತುದಿ 6ನೇ ನಿಮಿಷಕ್ಕೇ ರಬ್ಬರ್ ಥರ ಜಗ್ಗಿ ತುಂಡಾಯ್ತು. ಕಿವಿ ಹಿಂದೆ ಏನೂ ಇಲ್ಲ.

ರಸಾಯನ_ಮೇಷ್ಟ್ರು

ಲೆಕ್ಕ ಸರಿಯಾಗಿದೆ. ಕೂದಲು ತಿಂಗಳಿಗೆ ಒಂದು ಸೆಂ.ಮೀ.ಗಿಂತ ಚೂರು ಹೆಚ್ಚು ಬೆಳೆಯುತ್ತದೆ. ಮೆಹಂದಿ ಆದಮೇಲೆ ಬಂದ 2–3 ಸೆಂ.ಮೀ. ಶುದ್ಧ, ಅದರ ಕೆಳಗಿನ ಸುಮಾರು 5–6 ಸೆಂ.ಮೀ. ಗುಂಗುರಿನಲ್ಲಿ ಕಬ್ಬಿಣ ಕೂತಿದೆ. ಬಿಸಿಯಾಗಲಿಲ್ಲ ಅನ್ನುವುದು ಒಳ್ಳೆಯದು. ರೆಡಿಮೇಡ್ ಕಪ್ಪು ಮೆಹಂದಿಯ ಲೋಹದ ಲವಣಗಳಿದ್ದರೆ ಬಿಸಿಯಾಗುವುದುಂಟು, ಹಾಗಾದರೆ ಆ ಕೂದಲು ಬೆಳೆದು ಕತ್ತರಿಗೆ ಹೋಗುವವರೆಗೆ ಯಾವ ಕ್ರೀಮೂ ಇಲ್ಲ.

ಈಗ ಮೂರು ವಾರ ಕ್ರೀಮ್ ಮುಟ್ಟಬೇಡಿ. ಗಡಸು ನೀರಿಗೆಂದೇ ಮಾಡಿದ, ಲೋಹ ಹಿಡಿದು ತೆಗೆಯುವ ಶಾಂಪೂ ತನ್ನಿ. ಲೋಹ ಹಿಡಿಯುವ ರಾಸಾಯನಿಕವಾದ ಇಡಿಟಿಎ ಬಹುತೇಕ ಎಲ್ಲ ಶಾಂಪೂಗಳಲ್ಲೂ ಪಟ್ಟಿಯ ಕೊನೆಯಲ್ಲಿ ಚಿಟಿಕೆಯಷ್ಟು ಇರುತ್ತದೆ, ಅದು ಶಾಂಪೂ ಕೆಡದಿರಲು ಹಾಕಿದ್ದು. ನಿಮಗೆ ಬೇಕಾದದ್ದು ಟೆಟ್ರಾಸೋಡಿಯಂ ಅಥವಾ ಡೈಸೋಡಿಯಂ ಇಡಿಟಿಎ ಪಟ್ಟಿಯ ಮೊದಲರ್ಧದಲ್ಲಿ ಇರುವಂಥದ್ದು. ವಾರಕ್ಕೆರಡು ಸಲ, ನೊರೆ ಬರಿಸಿ 5 ನಿಮಿಷ ಬಿಟ್ಟು ತೊಳೆಯಿರಿ, ಮೇಲೆ ಕಂಡೀಷನರ್. ಆರು ತೊಳೆತದ ನಂತರ ಮತ್ತೆ ತಟ್ಟೆ ಪರೀಕ್ಷೆ. ಕ್ರೀಮ್ ಬೆಳ್ಳಗೇ ಉಳಿದರೆ ಮುಂದುವರಿಯಿರಿ. ಇನ್ನೂ ನೇರಳೆ ಕಂಡರೆ ಕಾಯಬೇಕು, ಅಡ್ಡದಾರಿ ಇಲ್ಲ. ಬ್ರೋಮೇಟ್ ನ್ಯೂಟ್ರಲೈಸರ್ ಇದ್ದರೆ ಪೆರಾಕ್ಸೈಡಿನ ಅಪಾಯ ತಪ್ಪೀತು, ಆದರೆ ಸೆಟ್ಟಿನೊಳಗೆ ಕೊಟ್ಟದ್ದನ್ನು ಬದಲಿಸಲು ನಾನಂತೂ ಹೇಳುವುದಿಲ್ಲ.

ನೀರಿನ ವಿಷಯ: ಬಕೆಟ್ಟಿನ ಬಿಳಿ ಎಂದರೆ ಕ್ಯಾಲ್ಸಿಯಂ. ಕೂದಲ ಮೇಲೂ ಅದೇ ಪದರ ಕಟ್ಟಿ ಕ್ರೀಮ್ ಒಂದು ಕಡೆ ಇಳಿದು ಇನ್ನೊಂದು ಕಡೆ ಇಳಿಯುವುದಿಲ್ಲ. ನಲ್ಲಿಯಲ್ಲಿ ಕಾವೇರಿ ಬಂದ ದಿನ ಮೂರು ಬಕೆಟ್ ಹಿಡಿದಿಡಿ. ಆ ದಿನದ ತೊಳೆತವೆಲ್ಲ ಅದರಲ್ಲೇ ಆಗಲಿ. ಕೊನೆಯ ಚೊಂಬಿಗೆ ಆರ್‌ಒ ನೀರು 2–3 ಲೀಟರ್ ಸಾಕು. ಮೈ ಸೋಪಿನಿಂದ ತಲೆ ತೊಳೆಯುವ ಅಭ್ಯಾಸವಿದ್ದರೆ ಬಿಡಿ. ಗಡಸು ನೀರಲ್ಲಿ ಸೋಪು ಜಿಗುಟು ಪದರವಾಗಿ ಕೂರುತ್ತದೆ.

ಬಾಚಣಿಗೆ

ಕಬ್ಬಿಣ ಹೋದಮೇಲೆ ಮಾಡೋ ಕ್ರಮ ಬರೀತೀನಿ. ಒಬ್ಬರೇ ಮಾಡ್ಕೊಳ್ಳೋದಾದ್ರೆ ದಯವಿಟ್ಟು ಬೇಡ. ಹಿಂದುಗಡೆ ಗೆರೆ ಕಾಣಲ್ಲ, ಒಂದು ಕಡೆ ಹಚ್ಚಿ ಮುಗಿಸೋ ಹೊತ್ತಿಗೆ ಇನ್ನೊಂದು ಕಡೆ ಬೆಂದಿರುತ್ತೆ. ಇನ್ನೊಬ್ಬರು ಬೇಕೇ ಬೇಕು.

ಎರಡು ದಿನ ಮುಂಚೆಯಿಂದ ತಲೆ ಕೆರೆಯೋದು, ಬಿರುಸಾಗಿ ಬಾಚೋದು ಬೇಡ. ಉಗುರು ತಾಗಿದ ಜಾಗದಲ್ಲೇ ಕ್ರೀಮ್ ಉರಿಯೋದು. ತಲೆಯ ಚರ್ಮದಲ್ಲಿ ಗಾಯ, ಹೊಟ್ಟಿನ ಹುಣ್ಣು ಇದ್ದರೆ ಮುಂದಕ್ಕೆ ಹಾಕಿ, ಬಸುರಿಯರೂ ಹಾಗೇ. ಹಿಂದಿನ ದಿನ ಎಣ್ಣೆ ಬೇಡ. ಮಾಡೋ ದಿನ ಶಾಂಪೂ ಮಾತ್ರ ಹಾಕಿ, ನೆತ್ತಿ ಉಜ್ಜದೆ ತೊಳೆದು, ಬಾಚದೆ ಅರ್ಧ ಒಣಗೋಕೆ ಬಿಡಿ. ಆ ಸ್ಥಿತಿಯಲ್ಲಿ ಗುಂಗುರು ಎಲ್ಲಿಗೆ ಮುಗಿದು ನೆಟ್ಟಗಿನದು ಎಲ್ಲಿಂದ ಶುರು ಅಂತ ಗೆರೆ ಎಳೆದ ಹಾಗೆ ಕಾಣುತ್ತೆ. ಪೂರ್ತಿ ಒಣಗಿಸಿ ಬಾಚಿದ ಮೇಲೆ ಹುಡುಕಿದರೆ ಸಿಗಲ್ಲ.

ಬೈತಲೆಯಿಂದ ಹೆಡಕಿಗೆ ಒಂದು, ಕಿವಿಯಿಂದ ಕಿವಿಗೆ ಒಂದು, ಹೀಗೆ ನಾಲ್ಕು ಭಾಗ, ಪ್ಲಾಸ್ಟಿಕ್ ಕ್ಲಿಪ್. ಗೆರೆಯಿಂದ ಕೆಳಗಿನ ಹಳೇ ಕೂದಲಿಗೆಲ್ಲ ದಪ್ಪ ಕಂಡೀಷನರ್ ಮೆತ್ತಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ. ಹಣೆ ಅಂಚು, ಕಿವಿ, ಕತ್ತಿಗೆ ವ್ಯಾಸಲಿನ್. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಹಾಕಿ ತೊಳೆದು ಆಸ್ಪತ್ರೆಗೆ ಹೊರಡಿ.

8 ಸೆಂ.ಮೀ. ಬುಡಕ್ಕೆ ಬೇಕಾಗೋದು ಸುಮಾರು 60–80 ಗ್ರಾಂ. ಪ್ಲಾಸ್ಟಿಕ್ ಬಟ್ಟಲಿಗೆ ಅಷ್ಟೇ ಹಿಂಡಿ. ಹೆಡಕಿನಿಂದ ಶುರು, ಹಣೆ ಮತ್ತು ಕಿವಿ ಮುಂದಿನ ನಯ ಕೂದಲು ಕೊನೆಗೆ. ಅರ್ಧ ಸೆಂ.ಮೀ. ದಪ್ಪದ ಪದರ ಎತ್ತಿ, ತಲೆಯ ಚರ್ಮದಿಂದ 1 ಸೆಂ.ಮೀ. ಬಿಟ್ಟು, ಹಳೇ ಗೆರೆಗೆ ಅರ್ಧ ಸೆಂ.ಮೀ. ಮುಂಚೆಯೇ ನಿಲ್ಲಿಸಿ. ಕ್ರೀಮ್ ತಾನಾಗೇ ಅಷ್ಟು ಜರುಗುತ್ತೆ. ಬ್ರಷ್‌ನಲ್ಲಿ ಸವರಿ, ಬಾಚಣಿಗೆಯ ಬೆನ್ನಿನಿಂದ ಮೆಲ್ಲಗೆ ಒತ್ತಿ. ಹಲ್ಲಿನಿಂದ ಎಳೀಬೇಡಿ. ಮೆತ್ತಗಾದ ಕೂದಲು ಎಳೆದಷ್ಟೂ ಉದ್ದವಾಗುತ್ತೆ, ವಾಪಸ್ ಬರಲ್ಲ. ಇಡೀ ತಲೆ 12 ನಿಮಿಷದೊಳಗೆ ಮುಗೀಬೇಕು, ಆಗಲ್ಲ ಅನ್ನಿಸಿದರೆ ಎರಡು ಭಾಗ ಇವತ್ತು, ಎರಡು ಮುಂದಿನ ವಾರ.

ನಿಮ್ಮ ಎಳೆ 14 ನಿಮಿಷ ತಗೊಂಡಿದೆ. ಶಾಂಪೂ ಆದ ಮೇಲೆ ಅದು ಕಮ್ಮಿಯಾಗಬಹುದು, ಹೊಸ ಪರೀಕ್ಷೆಯ ಲೆಕ್ಕ ಹಿಡೀರಿ. 8ನೇ ನಿಮಿಷದಿಂದ ಪ್ರತಿ 2 ನಿಮಿಷಕ್ಕೆ ನೋಡಿ: ಮೊದಲು ಹಚ್ಚಿದ ಜಾಗದಿಂದ ನಾಲ್ಕೈದು ಎಳೆ ತೆಗೆದು ಕ್ರೀಮ್ ಒರೆಸಿ, ಬಾಚಣಿಗೆಯ ಬಾಲಕ್ಕೆ ಒಂದು ಸುತ್ತು ಸುತ್ತಿ, ಬಾಲ ಹೊರಗೆ ಎಳೀರಿ. ಸುತ್ತು ಪಟ್ಟನೆ ಬಿಚ್ಚಿ ಹಳೇ ಗುಂಗುರಿಗೆ ಹೋದರೆ ಇನ್ನೂ ಆಗಿಲ್ಲ. ಸೋಮಾರಿ ಥರ ಹಾಗೇ ಉಂಗುರವಾಗಿ ಬಿದ್ದುಕೊಂಡರೆ ಆಯ್ತು, ತೊಳೀರಿ. ಮೂಗಿಗೆ ಬರೋ ವಾಸನೆ, ಗಡಿಯಾರ ಇವೆಲ್ಲ ಆಮೇಲೆ, ಈ ಉಂಗುರವೇ ಪ್ರಮಾಣ. ಡಬ್ಬಿಯಲ್ಲಿ ಬರೆದ ಗರಿಷ್ಠ ನಿಮಿಷ ಮಾತ್ರ ದಾಟಬೇಡಿ.

ತೊಳೆಯೋದು ಉಗುರುಬೆಚ್ಚಗಿನ ನೀರಲ್ಲಿ, 8–10 ನಿಮಿಷ, ಜಾರುವಿಕೆ ಪೂರಾ ಹೋಗೋವರೆಗೆ. ಶಾಂಪೂ ಇಲ್ಲ. ಮೆತ್ತನೆ ಟವೆಲ್‌ನಲ್ಲಿ ಒತ್ತಿ ತೆಗೀರಿ, ಹಿಂಡಬೇಡಿ.

ಕುವೆಂಪುನಗರ_23

ಐರನ್ ಭಾಗ ನಾನು ಹೇಳ್ತೀನಿ, ಮನೆಯಲ್ಲಿ ಕೆಡೋದು ಹೆಚ್ಚಾಗಿ ಇಲ್ಲೇ.

ಬ್ಲೋಡ್ರೈಯರ್ ಮಧ್ಯಮ ಬಿಸಿಯಲ್ಲಿಟ್ಟು ಪೂರ್ತಿ ಒಣಗಿಸಿ. ಕಂಡೀಷನರ್ ಹಚ್ಚಿದ ಹಳೇ ಕೂದಲು ಕೊನೆಗೆ ಒಣಗೋದು, ಅದನ್ನೂ ನೋಡಿ. ಐರನ್ ಇಟ್ಟಾಗ ಚುಂಯ್ ಅಂದರೆ ಒಳಗೆ ನೀರಿದೆ. ಆ ನೀರು ಅಲ್ಲೇ ಕುದ್ದು ಎಳೆಯೊಳಗೆ ಗುಳ್ಳೆ ಏಳುತ್ತೆ, ಎರಡು ವಾರಕ್ಕೆ ಅಲ್ಲೇ ಮುರಿಯುತ್ತೆ. 230 ಡಿಗ್ರಿ ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಕ್ರೀಮ್ ಕಂಡ ಕೂದಲಿಗೆ ಅದು ಬೇಡ. ನಿಮ್ಮ ದಪ್ಪ ಹೊಸ ಬುಡಕ್ಕೆ 180. ಹಳೇ ಉದ್ದಕ್ಕೆ ಐರನ್ನೇ ಬೇಡ, ತೀರಾ ಬೇಕಂದ್ರೆ 150ರಲ್ಲಿ ಒಂದೇ ಸಲ.

ಪದರ ಅರ್ಧ ಸೆಂ.ಮೀ. ದಪ್ಪ, 4 ಸೆಂ.ಮೀ. ಅಗಲ. ಎರಡು ಬೆರಳಲ್ಲಿ ಹಿಡಿದಾಗ ಬೆಳಕು ತೂರಿ ಕಾಣಬೇಕು. ಪದರವನ್ನ ತಲೆಯಿಂದ ನೇರ ಹೊರಕ್ಕೆ ಎತ್ತಿ, ಬುಡದಿಂದ 1 ಸೆಂ.ಮೀ. ಬಿಟ್ಟು ಐರನ್ ಇಟ್ಟು, ನಿಲ್ಲಿಸದೆ ಒಂದೇ ಸಮ ಇಳಿಸಿ. ಕೆಳಕ್ಕೆ ಜೋತುಬಿಟ್ಟು ಒತ್ತಿದರೆ ಬುಡದಲ್ಲಿ ಮಡಿಕೆ ಬೀಳುತ್ತೆ. ನ್ಯೂಟ್ರಲೈಸರ್ ಆದಮೇಲೆ ಆ ಮಡಿಕೆ ಕೂಡ ಪರ್ಮನೆಂಟ್, ಮುಂದಿನ ಆರು ತಿಂಗಳು ಬೈತಲೆ ಪಕ್ಕದಲ್ಲಿ ಮೆಟ್ಟಿಲು. ಬೇಗ ಬೇಗ ಐದು ಸಲ ಎಳೆಯೋದಕ್ಕಿಂತ ನಿಧಾನಕ್ಕೆ ಎರಡು ಸಲ ವಾಸಿ.

ಎಲ್ಲಾ ಮುಗಿದ ಮೇಲೆ ಕನ್ನಡಿ ಮುಂದೆ ನಿಂತು ನೋಡಿ. ನ್ಯೂಟ್ರಲೈಸರ್‌ಗೆ ಮೊದಲು ಕಂಡ ಅಲೆಯನ್ನ ಇನ್ನೊಮ್ಮೆ ಐರನ್ ಮಾಡಿ ಸರಿ ಮಾಡಬಹುದು. ಆಮೇಲೆ ಆಗಲ್ಲ.

ನ್ಯೂಟ್ರಲೈಸರ್‌ನಲ್ಲಿ ಜಿಪುಣತನ ಬೇಡ. ಕ್ರೀಮ್ ತಾಗಿದ ಕಡೆಗೆಲ್ಲ, ಅದರ ಕೆಳಗೆ ಇನ್ನೂ 2 ಸೆಂ.ಮೀ. ವರೆಗೆ, ಪದರ ಪದರವಾಗಿ ಎರಡೂ ಮಗ್ಗುಲಿಗೆ. ಸಾಮಾನ್ಯವಾಗಿ 10 ನಿಮಿಷ, ನಿಮ್ಮ ಸೆಟ್‌ನಲ್ಲಿ ಬರೆದಷ್ಟು. ಅಷ್ಟು ಹೊತ್ತು ಕೂದಲು ನೇರ ಇಳಿಬಿದ್ದಿರಬೇಕು, ಮೇಲಕ್ಕೆ ಕಟ್ಟಬಾರದು. ತೊಳೆದು, ಕಂಡೀಷನರ್ 5 ನಿಮಿಷ, ಮತ್ತೆ ತೊಳೆದು ಒಣಗಿಸಿ. ಎರಡು ವಾರಕ್ಕೇ ಅಲೆ ವಾಪಸ್ ಬಂದರೆ ಎರಡೇ ಕಾರಣ: ಉಂಗುರ ಪರೀಕ್ಷೆಯಲ್ಲಿ ಅವಸರ ಪಟ್ಟಿರಿ, ಇಲ್ಲಾ ನ್ಯೂಟ್ರಲೈಸರ್ ಒಳಪದರಕ್ಕೆ ಮುಟ್ಟಿಲ್ಲ.

ಮೂರು ದಿನ ಜಡೆ ಇಲ್ಲ, ಕ್ಲಿಪ್ ಇಲ್ಲ, ಮಲ್ಲಿಗೆ ದಂಡೆ ಇಲ್ಲ, ಕಿವಿ ಹಿಂದೆ ಸಿಕ್ಕಿಸೋದೂ ಇಲ್ಲ. ಹೆಲ್ಮೆಟ್ ಹಾಕಬೇಕಾದವರು ರಜೆ ನೋಡಿಕೊಂಡು ಮಾಡಿ. ಹೆಲ್ಮೆಟ್ ಬಿಟ್ಟು ಗಾಡಿ ಓಡಿಸಿ ಅಂತ ಹೇಳ್ತಿಲ್ಲ ಮತ್ತೆ.

ರಸಾಯನ_ಮೇಷ್ಟ್ರು

ನ್ಯೂಟ್ರಲೈಸರ್ ಸರಿಯಾಗಿ ಕೂತರೆ ಕೊಂಡಿಗಳು ಬಹುಪಾಲು ಆಗಲೇ ಜೋಡಿಯಾಗಿರುತ್ತವೆ. ಉಳಿದವು ಗಾಳಿಯ ಆಮ್ಲಜನಕದಿಂದ ನಿಧಾನವಾಗಿ ಸೇರಿಕೊಳ್ಳುತ್ತವೆ. ಮೂರು ದಿನದ ಪಥ್ಯ ಆ ಉಳಿಕೆಗಾಗಿ. ಮಳೆಗೆ ನೆನೆದರೆ ಎಲ್ಲ ಹಾಳಾಯಿತು ಎಂದು ಗಾಬರಿ ಬೇಡ. ಒಣಗಿಸಿ, ನೆಟ್ಟಗೆ ಬಾಚಿ.

ಒಣಗಿದ ತುದಿಗೆ, ಮೊದಲ ತಲೆಸ್ನಾನ ಆದಮೇಲೆ, ಪ್ರತಿ ತಲೆಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರಿ. ಅದು ಎಳೆಯೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ತಗ್ಗಿಸುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಎಣ್ಣೆಗೂ ಆ ಗುಣ ಕಾಣಲಿಲ್ಲ. ಸೀಗೆಪುಡಿ ಬಳಸುವವರು ಬಟ್ಟೆಯಲ್ಲಿ ಸೋಸಿದ ನೀರು ಬಳಸಿ. ತರಿ ಸಿಕ್ಕಿಕೊಂಡರೆ ಈ ಕೂದಲಲ್ಲಿ ಸಿಕ್ಕು ಬಿಡಿಸುವಷ್ಟರಲ್ಲಿ ನಾಲ್ಕು ಎಳೆ ಹೋಗಿರುತ್ತವೆ. ಮುಂದೆ ಮೆಹಂದಿ ಬೇಕೆನಿಸಿದರೆ ಬರೀ ಎಲೆಪುಡಿ, ಪಿಂಗಾಣಿ ಬಟ್ಟಲು.

ಸುರುಳಿ_ಮಂಡ್ಯ

ಮೇಷ್ಟ್ರೇ, ಬಾಚಣಿಗೆ ಅಕ್ಕ, ಎಲ್ಲರಿಗೂ ಥ್ಯಾಂಕ್ಸ್. ಶಾಂಪೂ ಹುಡುಕ್ತಾ ಇದ್ದೀನಿ. ಒಂದೇ ಒಂದು: ಪರೀಕ್ಷೆಗೆ ಟ್ಯೂಬ್ ಒಡೆದಾಗಿದೆ. ಮೂರು ವಾರ ಇಟ್ಟರೆ ಕ್ರೀಮ್ ನಡೆಯುತ್ತಾ? ಮಾಡಿದ ಮೇಲೆ ಉಳಿದಿದ್ದು ಮುಂದಿನ ಟಚ್‌ಅಪ್‌ಗೆ?

ಬಾಚಣಿಗೆ

ಟ್ಯೂಬ್‌ನ ಗಾಳಿ ಒತ್ತಿ ತೆಗೆದು, ಮುಚ್ಚಳ ಬಿಗಿ ಮಾಡಿ, ಬಿಸಿಲು ಬೀಳದ ತಂಪು ಜಾಗದಲ್ಲಿಟ್ಟರೆ ಮೂರು ವಾರ ನಡೆಯುತ್ತೆ. ಬಾಯಿ ಹತ್ತಿರದ ಮೊದಲ ಚಮಚ ಹಿಂಡಿ ಬಿಸಾಕಿ, ಗಾಳಿ ತಾಗಿ ಅದರ ಶಕ್ತಿ ಹೋಗಿರುತ್ತೆ. ಎರಡನೇ ತಟ್ಟೆ ಪರೀಕ್ಷೆಯಲ್ಲಿ ಹೊಸ ಬುಡ 20 ನಿಮಿಷಕ್ಕೂ ಮೆತ್ತಗಾಗದಿದ್ದರೆ ಕ್ರೀಮ್ ಸತ್ತಿದೆ ಅಂತ ಅರ್ಥ, ಹೊಸದು ತನ್ನಿ. ಬಟ್ಟಲಿಗೆ ಬಿದ್ದಿದ್ದನ್ನ ಮಾತ್ರ ಯಾವತ್ತೂ ವಾಪಸ್ ಟ್ಯೂಬಿಗೆ ಹಾಕಬೇಡಿ. ಮುಂದಿನ ಟಚ್‌ಅಪ್ 6 ತಿಂಗಳಿಗೆ ಮುಂಚೆ ಇಲ್ಲ, ಅಷ್ಟು ದಿನ ಒಡೆದ ನ್ಯೂಟ್ರಲೈಸರ್ ಇಟ್ಟುಕೊಂಡರೆ ಅದು ಬರೀ ನೀರು. ಎರಡನ್ನೂ ಚೆಲ್ಲಿ, ಬೇರೆ ಬೇರೆಯಾಗಿ, ಜಾಸ್ತಿ ನೀರು ಬಿಟ್ಟು.